ಕಲ್ಲುದಾರಿಯಲ್ಲಿ ಬಿದ್ದಿದ್ದ ಸೈಕಲ್

ಹೆಣದ ತಲೆಯ ಮೇಲೆ ಹೆಲ್ಮೆಟ್ ಇತ್ತು. ಗದ್ದದ ಕೆಳಗೆ ಪಟ್ಟಿಯೂ ಬಿಗಿದಿತ್ತು. ಹೆಲ್ಮೆಟ್ಟಿಗೆ ಒಂದು ಗೀರೂ ಬಿದ್ದಿರಲಿಲ್ಲ. ಒಳಗಿನ ತಲೆ ಮಾತ್ರ ಒಡೆದಿತ್ತು.

ಪೋಜಾಲ್ತೊ ಠಾಣೆಯ ಅಧಿಕಾರಿ ಲೊರೆದಾನಾ ಫೂಸಿ ಮಂಡಿಯೂರಿ ಅದನ್ನೇ ನೋಡುತ್ತ ಕೂತಳು. ಎರಡೂ ಕಡೆ ಮೂವತ್ತಡಿ ಎತ್ತರದ ಬಂಡೆ. ನಡುವೆ ನಾಲ್ಕಡಿ ಅಗಲದ ದಾರಿ. ಎರಡೂವರೆ ಸಾವಿರ ವರ್ಷದ ಹಿಂದೆ ಎತ್ರುಸ್ಕರೆಂಬ ಪ್ರಾಚೀನ ಜನ ಬೆಟ್ಟವನ್ನು ಕೊರೆದು ಮಾಡಿದ ದಾರಿ. ಕಪ್ಪು ಹಾವಸೆ, ಒದ್ದೆ ಎಲೆ. ಬೆಳಗಿನ ಒಂಬತ್ತು ಗಂಟೆಗೂ ಅಲ್ಲಿ ಅರೆಗತ್ತಲು.

ಸತ್ತವರು ಒತ್ತಾವಿಯೊ ಬ್ರಾಂದೀನಿ. ಅರವತ್ತೆಂಟು ವರ್ಷ. ಊರಿನ ಅರ್ಧ ಜನಕ್ಕೆ ಅಕ್ಷರ ಕಲಿಸಿದ ಮೇಷ್ಟ್ರು. ಲೊರೆದಾನಾಳಿಗೂ ಅವರೇ ಮೇಷ್ಟ್ರು. ನಿವೃತ್ತಿಯಾದ ಮೇಲೆ ವಿದೇಶಿ ಪ್ರವಾಸಿಗಳನ್ನು ಸೈಕಲ್ ಮೇಲೆ ಈ ಬೆಟ್ಟಗಳಲ್ಲಿ ಸುತ್ತಿಸಿ, ಹಳೆಯ ಸಮಾಧಿಗಳನ್ನು ತೋರಿಸುತ್ತಿದ್ದರು. ಈ ಭಾನುವಾರವೂ ಆರು ಜನ ಚೌಕದಲ್ಲಿ ಕಾದಿದ್ದರು. ಮೇಷ್ಟ್ರು ಬರಲಿಲ್ಲ. ನಕ್ಷೆ ಹಿಡಿದು ತಾವೇ ಹೊರಟವರಿಗೆ ದಾರಿಯಲ್ಲಿ ಹೆಣ ಸಿಕ್ಕಿತು.

"ಇಳಿಜಾರಲ್ಲಿ ಜಾರಿದಾರೆ ಪಾಪ," ಎಂದ ಅವಳ ಕೈಕೆಳಗಿನ ಸಬಾತಿನೊ.

"ಜಾರಿ ಬಿದ್ದೋರ ಹೆಲ್ಮೆಟ್ ಹೀಗಿರುತ್ತೇನೋ?"

ಸಬಾತಿನೊ ಬಗ್ಗಿ ನೋಡಿದ.

"ತಲೆ ಒಡೆದಾಗ ಹೆಲ್ಮೆಟ್ ಇರಲಿಲ್ಲ," ಎಂದಳು ಲೊರೆದಾನಾ. "ಆಮೇಲೆ ಯಾರೋ ಹಾಕಿದಾರೆ. ಪಟ್ಟಿ ಸಮೇತ."

* * *

ಕಲ್ಲುದಾರಿಯ ಮೇಲ್ತುದಿಯಲ್ಲಿ ಸಬಾತಿನೊಗೆ ತಂತಿ ಸಿಕ್ಕಿತು. ಎರಡು ಓಕ್ ಮರಗಳ ನಡುವೆ, ಎದೆಯೆತ್ತರಕ್ಕೆ ಬಿಗಿದು ಕಟ್ಟಿದ ಬೇಲಿತಂತಿ. ಪಕ್ಕದ ಆಲಿವ್ ತೋಟ ದುಯಿಲಿಯೊ ಮೆಯಾಚಿಯದು. ಹತ್ತು ನಿಮಿಷದಲ್ಲಿ ಅವನನ್ನು ಎಳೆದು ತಂದ.

"ತಂತಿ ಕಟ್ಟಿದ್ದು ನಾನೇ ಮೇಡಂ," ಎಂದ ದುಯಿಲಿಯೊ ಟೋಪಿಯನ್ನೂ ತೆಗೆಯದೆ. "ಮೋಟರ್‌ಬೈಕಿನ ಪುಂಡರು ತೋಟಕ್ಕೆ ನುಗ್ತಾರೆ. ಅದಕ್ಕೆ ಕಟ್ಟಿದ್ದು. ಇವತ್ತು ನಿನ್ನೆಯದಲ್ಲ, ಈಸ್ಟರ್‌ನಿಂದ ಇದೆ. ಮೇಷ್ಟ್ರಿಗೂ ಗೊತ್ತಿತ್ತು. ದಿನಾ ಅಲ್ಲಿ ಇಳಿದು, ತಂತಿ ಕೆಳಗೆ ನುಸುಳಿ, ನಂಗೆ ಒಂದು ಬೈದು ಹೋಗೋರು."

"ಹೋದ ವಾರ ಚೌಕದಲ್ಲಿ ನಿಂತು ಮೇಷ್ಟ್ರ ಕಾಲು ಮುರೀತೀನಿ ಅಂದ್ಯಂತೆ?"

"ಅಂದೆ. ನಮ್ಮಪ್ಪಂಗೂ ನಲವತ್ತು ವರ್ಷದಿಂದ ಅಂತಿದೀನಿ. ತೊಂಬತ್ತೊಂದಾಯ್ತು, ಎರಡೂ ಕಾಲಲ್ಲಿ ಗಟ್ಟಿಯಾಗೇ ಓಡಾಡ್ತಾವ್ನೆ."

"ನಿನ್ನೆ ಸಂಜೆ ಎಲ್ಲಿದ್ದೆ?"

"ಟ್ರ್ಯಾಕ್ಟರ್ ಮೇಲೆ. ಒಬ್ಬನೇ. ಸಾಕ್ಷಿ ಬೇಕಂದ್ರೆ ಟ್ರ್ಯಾಕ್ಟರನ್ನೇ ಕೇಳಿ."

ಸಬಾತಿನೊ ಅವಳನ್ನು ಪಕ್ಕಕ್ಕೆ ಕರೆದ. "ಮೇಡಂ, ಒಳಗೆ ಹಾಕೋಣ. ಬಾಯಿ ನೋಡಿ ಅವನದು."

"ಬಾಯಿ ನೋಡಿ ಒಳಗೆ ಹಾಕೋದಾದ್ರೆ ಈ ಊರಲ್ಲಿ ಹೊರಗೆ ಯಾರೂ ಉಳಿಯಲ್ಲ."

ಆದರೂ ಅವಳ ಅನುಮಾನ ಹೋಗಲಿಲ್ಲ. ದುಯಿಲಿಯೊ ಮಾತಾಡುವಾಗ ಕಲ್ಲುದಾರಿಯ ಕಡೆ ಒಮ್ಮೆಯೂ ನೋಡಿರಲಿಲ್ಲ.

* * *

ಊರಿನ ಪುಟ್ಟ ವಸ್ತುಸಂಗ್ರಹಾಲಯದ ಬಾಗಿಲಲ್ಲಿ ಕೊರಾದೊ ವನ್ನೂಚಿ ನಿಂತಿದ್ದ. ಮೂವತ್ತೊಂದು ವರ್ಷದಿಂದ ಅಲ್ಲಿ ಕಾವಲುಗಾರ. ಮೇಷ್ಟ್ರ ಜೀವದ ಗೆಳೆಯ, ಊರಿನ ಮಕ್ಕಳಿಗೆಲ್ಲ ಚಿಕ್ಕಪ್ಪ. ದಿನಾ ಊಟವಾದ ಮೇಲೆ ಇಬ್ಬರೂ ಚೌಕದಲ್ಲಿ ಇಸ್ಪೀಟು ಆಡುತ್ತಿದ್ದರು. ಅವನ ಕಣ್ಣು ಕೆಂಪಾಗಿತ್ತು.

"ನಂಗೆ ಹೇಳೋಕೆ ಬರ್ಬೇಡ ಮಗಳೇ, ಗೊತ್ತಾಯ್ತು," ಎಂದ.

"ಕೊನೇ ಸಲ ಯಾವಾಗ ನೋಡಿದ್ರಿ ಚಿಕ್ಕಪ್ಪಾ?"

"ನಿನ್ನೆ ಐದು ಗಂಟೆಗೆ. ಇದೇ ಬಾಗಿಲಲ್ಲಿ ನಿಂತಿದ್ದೆ. ಕಲ್ಲುದಾರಿ ಕಡೆ ಇಳೀತಿದ್ದ. ನಿಧಾನ ಕಣಯ್ಯಾ, ವಯಸ್ಸಾಯ್ತು ಅಂದೆ. ಕೈ ಬೀಸಿದ. ಅಷ್ಟೇ." ಕೊರಾದೊ ಮುಖ ಒರೆಸಿಕೊಂಡ. "ಆ ದುಯಿಲಿಯೊ ತಂತಿ ಕಟ್ಟಿದಾನಲ್ಲ, ಅದನ್ನ ನೋಡಿದ್ಯಾ?"

"ನೋಡಿದೆ."

"ನೋಡು. ಚೆನ್ನಾಗಿ ನೋಡು."

ಪ್ರತಿ ಪ್ರವಾಸದ ಹಿಂದಿನ ದಿನ ಮೇಷ್ಟ್ರು ಒಬ್ಬರೇ ದಾರಿ ನೋಡಿಕೊಂಡು ಬರುತ್ತಿದ್ದದ್ದು ಲೊರೆದಾನಾಳಿಗೆ ಗೊತ್ತಿತ್ತು. ಕೊರಾದೊನ ಮಾತು ಅದಕ್ಕೆ ಹೊಂದುತ್ತಿತ್ತು. ಹಾಗಿದ್ದರೆ ಸಾವು ಕಲ್ಲುದಾರಿಯಲ್ಲೇ ಆಗಿರಬೇಕು.

ಅಷ್ಟರಲ್ಲಿ ವೈದ್ಯರ ಫೋನು ಬಂತು. ಹೆಣ ಬಿದ್ದಿದ್ದ ಕಡೆ ರಕ್ತವೇ ಇಲ್ಲವೆನ್ನುವಷ್ಟು ಕಡಿಮೆ. ಕೂದಲಲ್ಲಿ ಹಳದಿ ಕಲ್ಲಿನ ಪುಡಿ. ಉಳಿದದ್ದು ವರದಿಯಲ್ಲಿ.

ಕಲ್ಲುದಾರಿಯ ಬಂಡೆ ಕಪ್ಪು. ಹಳದಿ ಕಲ್ಲು ಅಲ್ಲೆಲ್ಲೂ ಇರಲಿಲ್ಲ.

* * *

ಠಾಣೆಯ ಅಂಗಳದಲ್ಲಿ ಮೇಷ್ಟ್ರ ಸೈಕಲ್ ಗೋಡೆಗೆ ಒರಗಿತ್ತು. ಮುಂದೆ ಡೆನ್ಮಾರ್ಕಿನ ಬಿರ್ಗಿಟ್ ಕೈಕಟ್ಟಿ ನಿಂತಿದ್ದಳು. ಐವತ್ತು ದಾಟಿದ ಹೆಂಗಸು. ತನ್ನೂರಲ್ಲಿ ಲಿಫ್ಟ್ ರಿಪೇರಿ ಕೆಲಸ. ಹೆಣ ಮೊದಲು ಕಂಡದ್ದು ಅವಳಿಗೇ. ಹೇಳಿಕೆ ಕೊಟ್ಟಾದ ಮೇಲೂ ಹೋಗಿರಲಿಲ್ಲ. ಸಬಾತಿನೊಗೆ ಅದೇ ಅನುಮಾನ.

"ಇನ್ನೂ ಏನು?" ಎಂದು ಗದರಿಸಿದ.

"ಮುಂದಿನ ಚಕ್ರ ಯಾರು ಬಿಚ್ಚಿದ್ದು? ನೀವಾ?"

"ನಾವು ಮುಟ್ಟೇ ಇಲ್ಲ," ಎಂದಳು ಲೊರೆದಾನಾ ಹೊರಗೆ ಬರುತ್ತ. "ಯಾಕೆ?"

"ಹಿಂದುಮುಂದಾಗಿ ಹಾಕಿದೆ. ಚಕ್ರ ಬಿಗಿಯೋ ಈ ಲಿವರ್ ಎಡಗಡೆ ಇರ್ಬೇಕು. ಬಲಕ್ಕಿದೆ. ಟೈರಿನ ಮೇಲೆ ಬಾಣದ ಗುರುತಿದೆ ನೋಡಿ, ಅದೂ ಹಿಂದಕ್ಕೆ ತೋರಿಸ್ತಿದೆ. ಸೈಕಲ್ ಬಲ್ಲೋರು ಹೀಗೆ ಹಾಕಲ್ಲ. ನಿಮ್ಮ ಮೇಷ್ಟ್ರಂತೂ ನನ್ನ ಸೀಟು ಅರ್ಧ ಇಂಚು ವಾಲಿದ್ರೂ ನಿಲ್ಲಿಸಿ ಸರಿಮಾಡ್ತಿದ್ರು."

ಲೊರೆದಾನಾ ಬಗ್ಗಿದಳು. ಚಕ್ರ ಬಿಚ್ಚುವುದು ಯಾವಾಗ? ಪಂಕ್ಚರ್ ಆದಾಗ. ಅಥವಾ ಸೈಕಲನ್ನು ಇಕ್ಕಟ್ಟಾದ ಜಾಗಕ್ಕೆ ತುರುಕುವಾಗ. ಟೈರಿಗೆ ಪಂಕ್ಚರ್ ಆಗಿರಲಿಲ್ಲ.

"ಹ್ಯಾಂಡಲ್ ಮೇಲಿನ ಈ ಮೀಟರ್?"

"ಮನೆ ಗೇಟಲ್ಲಿ ಸೊನ್ನೆ ಮಾಡಿ ಹೊರಡ್ತಿದ್ರು. ಹಿಂದಿನ ಮೂರು ದಿನ ಅವರ ಮನೆಯಿಂದಲೇ ಹೊರಟಿದ್ವಿ, ನಾನೇ ನೋಡಿದೀನಿ. ಚಕ್ರದ ಕಡ್ಡಿಗೆ ಒಂದು ಅಯಸ್ಕಾಂತ ಇದೆ. ಅದು ಈ ಗುಂಡಿ ಎದುರು ಹಾದಾಗೆಲ್ಲ ಒಂದು ಸುತ್ತಿನ ಲೆಕ್ಕ. ಈಗ ಚಕ್ರ ತಿರುಗುಮುರುಗಾಗಿ ಅಯಸ್ಕಾಂತ ಆ ಕಡೆ ಹೋಗಿದೆ. ಮೀಟರ್ ಓಡಲ್ಲ."

ಮೀಟರಿನಲ್ಲಿ 6.2 ಇತ್ತು.

ಮೇಷ್ಟ್ರ ಮನೆಯಿಂದ ಹೆಣ ಸಿಕ್ಕಿದ ಜಾಗಕ್ಕೆ ಒಂಬತ್ತು ಕಿಲೋಮೀಟರಿಗೂ ಹೆಚ್ಚು.

"ನಿಮ್ಮ ಗುಂಪಿನಲ್ಲಿ ಒಂದು ಸೈಕಲ್ ಹೆಚ್ಚಿಗೆ ಇದೆಯಾ?" ಎಂದು ಕೇಳಿದಳು ಲೊರೆದಾನಾ.

* * *

ಸೋಮವಾರ ಬೆಳಿಗ್ಗೆ ಇಬ್ಬರು ಹೆಂಗಸರು ಮೇಷ್ಟ್ರ ಗೇಟಿನಿಂದ ಹೊರಟರು. ಲೊರೆದಾನಾ ಸೈಕಲ್ ತುಳಿದು ಹದಿನೈದು ವರ್ಷವಾಗಿತ್ತು. ಮೊದಲ ದಿಬ್ಬಕ್ಕೇ ಏದುಸಿರು.

ಗೇಟಿನಿಂದ ಮೂರು ದಾರಿ. ನದಿಯ ದಾರಿ ನಾಲ್ಕು ಕಿಲೋಮೀಟರಿಗೇ ಮುಗಿಯಿತು. ಸೇತುವೆ ಚಳಿಗಾಲದಲ್ಲೇ ಕೊಚ್ಚಿಹೋಗಿತ್ತು. ಕಲ್ಲುದಾರಿಯ ಕಡೆಯದರಲ್ಲಿ 6.2 ಬಂದದ್ದು ಬಟಾಬಯಲು ಗೋಧಿ ಹೊಲದ ನಡುವೆ. ಮನೆಯಿಲ್ಲ, ಕಲ್ಲಿಲ್ಲ. ನಾಲ್ಕು ಕುರಿ ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿದವು.

ಪ್ರತಿ ಸಲವೂ ಗೇಟಿಗೆ ಮರಳಿ ಮೀಟರನ್ನು ಸೊನ್ನೆ ಮಾಡಿದರು. ಮೂರನೆಯದು ದ್ರಾಕ್ಷಿತೋಟಗಳ ಏರುದಾರಿ. ಪಕ್ಕದ ದಿಬ್ಬಗಳಲ್ಲಿ ಬಾಯ್ತೆರೆದ ಹಳೆಯ ಸಮಾಧಿಗಳು. ಯಾವುದರಲ್ಲೋ ಹಂದಿ ಕಟ್ಟಿದ್ದರು. ಇನ್ನೊಂದರಲ್ಲಿ ಹುಲ್ಲು ತುಂಬಿತ್ತು. ಮೀಟರಿನಲ್ಲಿ ಐದೂವರೆ. ಆರು. ಲೊರೆದಾನಾಳ ತೊಡೆ ನಡುಗುತ್ತಿತ್ತು. ಸೈಕಲಿನ ಮೀಟರು 6.2 ತೋರಿಸಿದ ಕಡೆ ಇಬ್ಬರೂ ಕಾಲೂರಿದರು.

ಎದುರಿಗೆ ಹಳದಿ ಬಂಡೆ. ಅದರಲ್ಲಿ ಕೊರೆದ ವೈನ್ ನೆಲಮಾಳಿಗೆ. ಹಸಿರು ಬಣ್ಣದ ಬಾಗಿಲು. ಬಾಗಿಲ ಮುಂದೆ ಪುಟ್ಟ ಕೆಂಪು ಕಾರು.

ಆ ಕಾರು ಯಾರದೆಂದು ಲೊರೆದಾನಾ ಯಾರನ್ನೂ ಕೇಳಬೇಕಾಗಿರಲಿಲ್ಲ. ಬಿರ್ಗಿಟ್‌ಳನ್ನು ವಾಪಸು ಕಳಿಸಿ ಸಬಾತಿನೊಗೆ ಫೋನು ಮಾಡಿದಳು.

* * *

"ಏನಮ್ಮಾ ಮಗಳೇ, ಸೈಕಲ್ ಮೇಲೆ!" ಕೊರಾದೊ ನಕ್ಕ. "ಬಾ, ಒಂದು ಲೋಟ ವೈನ್ ಕುಡಿ. ಮುಖ ಟೊಮ್ಯಾಟೊ ಆಗಿದೆ."

ಒಳಗೆ ತಂಪು. ಇಳಿಯಲು ಹನ್ನೊಂದು ಮೆಟ್ಟಿಲು. ಹತ್ತರ ಮೇಲೆ ವರ್ಷಗಳ ಕೊಳೆ. ಕೊನೆಯದು ಮಾತ್ರ ಉಜ್ಜಿ ತೊಳೆದ ಹಾಗೆ ಹಳದಿಯಾಗಿ ಹೊಳೆಯುತ್ತಿತ್ತು. ಲೊರೆದಾನಾ ಅದನ್ನು ದಾಟಿ ಕೆಳಗಿಳಿದಳು. ಹಿಂದಿನ ಗೋಡೆಗೆ ದೊಡ್ಡ ಪೀಪಾಯಿ. ಅದರ ಸಂದಿಯಿಂದ ತಣ್ಣಗೆ ಗಾಳಿ ಬರುತ್ತಿತ್ತು.

ಗೋಡೆಯಿಂದ ಗಾಳಿ ಬರಬಾರದು.

"ಶನಿವಾರ ಮೇಷ್ಟ್ರು ಇಲ್ಲಿಗೆ ಬಂದಿದ್ರಲ್ಲ ಚಿಕ್ಕಪ್ಪಾ?"

"ಇಲ್ಲಮ್ಮಾ. ಹೇಳಿದ್ನಲ್ಲ, ಕಲ್ಲುದಾರಿ ಕಡೆ..."

"ಅವರ ಸೈಕಲ್ ಓಡಿದ್ದು ಆರು ಕಿಲೋಮೀಟರ್ ಇನ್ನೂರು ಮೀಟರ್. ಗೇಟಿನಿಂದ ನಿಮ್ಮ ಬಾಗಿಲಿಗೆ ಸರಿಯಾಗಿ ಅಷ್ಟು. ಕಲ್ಲುದಾರಿಗೆ ಸೈಕಲ್ ತುಳಿದು ಹೋಗಿಲ್ಲ. ಕಾರಲ್ಲಿ ಹೋಗಿದೆ."

"ದುಯಿಲಿಯೊ ಟ್ರ್ಯಾಕ್ಟರಲ್ಲಿ..."

"ಟ್ರ್ಯಾಕ್ಟರ್ ಟ್ರೈಲರ್‌ಗೆ ಆದ್ರೆ ಹಾಗೇ ಎತ್ತಿ ಹಾಕ್ತಿದ್ದ. ಚಕ್ರ ಬಿಚ್ಚಬೇಕಾಗಿದ್ದು ಪುಟ್ಟ ಕಾರಿಗೆ. ವಾಪಸ್ ಹಾಕೋವಾಗ ತಿರುಗುಮುರುಗಾಯ್ತು. ಸೈಕಲ್ ಹತ್ತದವನ ಕೈ. ಹೆಲ್ಮೆಟ್ಟೂ ಹಾಗೇ, ಒಡೆದ ತಲೆ ಮೇಲೆ ಒಡೆಯದ ಹೆಲ್ಮೆಟ್. ಐದು ಗಂಟೆಗೆ ನೋಡಿದೆ ಅಂತ ಹೇಳಿದೋರು ಊರಿಗೆಲ್ಲ ನೀವೊಬ್ಬರೇ. ಅವರ ಕೂದಲಲ್ಲಿ ಹಳದಿ ಪುಡಿ ಇತ್ತು. ಈ ಗೋಡೇದು." ಮೆಟ್ಟಿಲ ಮೇಲೆ ಸಬಾತಿನೊ ಕಾಣಿಸಿದ. "ಆ ಪೀಪಾಯಿ ಸರಿಸೋ."

"ಬೇಡ!"

ಕೊರಾದೊ ಎರಡು ಕೈಯಲ್ಲೂ ಪೀಪಾಯಿಯನ್ನು ತಬ್ಬಿಕೊಂಡ. ಸಬಾತಿನೊ ಅವನನ್ನು ಬಿಡಿಸಬೇಕಾಯಿತು.

ಪೀಪಾಯಿಯ ಹಿಂದೆ ಮರದ ಸಣ್ಣ ಬಾಗಿಲು. ಆಚೆ ಒಂದು ಹಳೆಯ ಸಮಾಧಿಯ ಕೋಣೆ. ಟಾರ್ಚಿನ ಬೆಳಕಲ್ಲಿ ಗೋಡೆ ಬಣ್ಣಬಣ್ಣವಾಗಿ ಎದ್ದು ಬಂತು. ಮಂಚದ ಮೇಲೆ ಒರಗಿ ಊಟಕ್ಕೆ ಕೂತ ಗಂಡ ಹೆಂಡತಿಯ ಚಿತ್ರ. ಅವನ ಕೈ ಅವಳ ಹೆಗಲ ಮೇಲೆ. ಅವಳ ಕೈಯಲ್ಲಿ ದಾಳಿಂಬೆ. ಕೆಂಪು ಇನ್ನೂ ಕೆಂಪಾಗೇ ಇತ್ತು. ಅವರೆದುರು ಒಂದು ಕುರ್ಚಿ, ಸಣ್ಣ ಮೇಜು, ಮೇಜಿನ ಮೇಲೆ ಒಂದು ತಟ್ಟೆ.

"ಇದು ಸಿಕ್ಕಿ ನಾಲ್ಕು ವರ್ಷ," ಎಂದ ಕೊರಾದೊ. ದನಿ ಇಳಿದಿತ್ತು. "ನಾನು ಒಂದು ಚೂರೂ ಮಾರಿಲ್ಲ. ಮೂವತ್ತೊಂದು ವರ್ಷ ಸರ್ಕಾರದ ಮಡಕೆ ಕಾದೆ. ಇದೊಂದು ನಂದು. ನಮ್ಮವಳು ಹೋದ ಮೇಲೆ ದಿನಾ ಇವರ ಜೊತೆ ಊಟ ಮಾಡ್ತಿದ್ದೆ. ಯಾರಿಗಾದ್ರೂ ತೋರಿಸ್ಬೇಕು ಅನ್ನಿಸ್ತು. ಅವನೊಬ್ಬಂಗೆ ತೋರಿಸಿದೆ. ಅತ್ತುಬಿಟ್ಟ ಕಣೇ, ಮಗು ಥರ ಅತ್ತ. ಆಮೇಲೆ ಮೆಟ್ಟಿಲು ಹತ್ತುತಾ ಹೇಳಿದ, ಸೋಮವಾರ ಪುರಾತತ್ವ ಇಲಾಖೆಗೆ ತಿಳಿಸೋಣ ಕೊರಾದೊ, ಇದು ಎಲ್ಲರದೂ ಅಂತ. ಬೇಡ ಅಂತ ತೋಳು ಹಿಡಿದು ಎಳೆದೆ. ಬಿದ್ದ. ಕೊಲ್ಲಬೇಕು ಅಂತ ಅಲ್ಲ. ದೇವರಾಣೆ, ಎಳೆದೆ ಅಷ್ಟೇ."

"ನಂಬ್ತೀನಿ," ಎಂದಳು ಲೊರೆದಾನಾ.

ಕೊರಾದೊ ತಲೆಯೆತ್ತಿದ.

"ಬಿದ್ದಿದ್ದು ಆಕಸ್ಮಿಕ ಅಂತ ನಂಬ್ತೀನಿ. ಇವತ್ತು ವೈದ್ಯರ ವರದಿ ಬಂತು. ಬಿದ್ದ ಮೇಲೂ ಒಂದು ಗಂಟೆ ಮೇಷ್ಟ್ರಿಗೆ ಜೀವ ಇತ್ತು. ಆಂಬ್ಯುಲೆನ್ಸ್ ಇಲ್ಲಿಗೆ ಬರೋಕೆ ಇಪ್ಪತ್ತು ನಿಮಿಷ. ಆ ಒಂದು ಗಂಟೇಲಿ ನೀವು ಏನು ಮಾಡಿದ್ರಿ ಚಿಕ್ಕಪ್ಪಾ? ಮೆಟ್ಟಿಲು ತೊಳೆದ್ರಾ?"

ಸಬಾತಿನೊ ಕೋಳ ಹಾಕುವಾಗ ಕೊರಾದೊ ತಾನೇ ಕೈಗಳನ್ನು ಮುಂದೆ ಚಾಚಿದ.

ಅರ್ಧದಷ್ಟು ಮೆಟ್ಟಿಲು ಹತ್ತಿದವನು ನಿಂತು ಹಿಂದಿರುಗಿ ನೋಡಿದ.

"ಆ ಬಾಗಿಲು ಹಾಕ್ಬಿಡಮ್ಮಾ. ಗಾಳಿ ತಗುಲಿದ್ರೆ ಬಣ್ಣ ಉದುರುತ್ತೆ."

ಲೊರೆದಾನಾ ಅವನನ್ನು ದಿಟ್ಟಿಸಿದಳು. ಅವಳಿಗೆ ಕಾಗುಣಿತ ಕಲಿಸಿದವರು ಶವಾಗಾರದಲ್ಲಿ ಮಲಗಿದ್ದರು. ಇವನಿಗೆ ಬಣ್ಣದ ಚಿಂತೆ. ಕಪಾಳಕ್ಕೆ ಬಾರಿಸಬೇಕೆನಿಸಿತು.

ಆದರೂ ಒಳಗೆ ಹೋಗಿ, ಟಾರ್ಚು ಆರಿಸಿ, ಬಾಗಿಲು ಮುಚ್ಚಿಯೇ ಬಂದಳು.