ಅವನು ಹುಡುಕಿಕೊಟ್ಟ ಕೆಲಸ

"ನನ್ನ ಹೆಸರನ್ನ ಆ ಕಂಪನಿಗೆ ಕೊಟ್ಟಿದ್ದು ನೀವೇನಾ?"

ಬಾಗಿಲು ತಟ್ಟದೆ ಒಳನುಗ್ಗಿದ ರೋವೆನಾಳನ್ನು ಕಂಡು ಎಮೆಟ್ ತಬ್ಬಿಬ್ಬಾದ. ಅಮೆರಿಕದ ಒಹಾಯೊ ರಾಜ್ಯದ ಒಂದು ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗಕ್ಕೆ ಅವನು ಮುಖ್ಯಸ್ಥ. ಅವಳು ಅವನ ಕೈಕೆಳಗೆ ದುಡಿಯುವವಳು.

"ಹೌದು... ಕೊಲಂಬಸ್‌ ನಗರದ ಆ ಕಂಪನಿಯಲ್ಲಿ ನನ್ನ ಗೆಳೆಯ ಇದ್ದಾನೆ. ಇಲ್ಲಿಯ ಎರಡರಷ್ಟು ಸಂಬಳ ಕೊಡ್ತಾರೆ, ರೋವೆನಾ."

"ಕೊಡಿಸಿ ಅಂತ ನಾನು ಕೇಳಿದ್ನಾ?!"

'ನಾನು ಇವರಿಗೆ ಇಷ್ಟು ಬೇಡವಾದೆನಾ?' ದಿನವೂ ಜೊತೆಯಲ್ಲಿ ಕಾಫಿ ಕುಡಿದು ನಕ್ಕವನು ಇವನೇನಾ?... ರೋವೆನಾ ಬಾಗಿಲು ದೂಡಿ ಹೊರಬಂದಳು.

ಮನೆಯಲ್ಲಿ ಮಗಳು ಜೂನಿ ಸೂಪು ಬಿಸಿ ಮಾಡುತ್ತಿದ್ದಳು. ಗಂಡನಿಂದ ಬೇರೆಯಾದ ಮೇಲೆ ರೋವೆನಾಳಿಗೆ ಉಳಿದದ್ದು ಅವಳೊಬ್ಬಳೇ. ಬರುವ ವರ್ಷ ಜೂನಿ ಅದೇ ವಿಶ್ವವಿದ್ಯಾಲಯ ಸೇರಬೇಕು. ನೌಕರರ ಮಕ್ಕಳಿಗೆ ಅಲ್ಲಿ ಫೀಸಿಲ್ಲ. ಆ ಒಂದು ಸೌಲಭ್ಯಕ್ಕಾಗಿಯೇ ರೋವೆನಾ ಅಷ್ಟು ಕಡಿಮೆ ಸಂಬಳವನ್ನು ಸಹಿಸಿಕೊಂಡಿದ್ದಳು.

"ಕೊಲಂಬಸ್‌ಗೆ ಹೋಗ್ಬಿಡೋಣ ಜೂನಿ. ಸಂಬಳ ಜಾಸ್ತಿ."

"ನನ್ನ ಫೀಸು ಕಟ್ಟಿದ್ಮೇಲೆ ಉಳಿಯೋದೇನು?" ಜೂನಿ ಹತ್ತಿರ ಬಂದಳು. "ಅಮ್ಮಾ... ನೀನು ಅಳ್ತಿರೋದು ಸಂಬಳಕ್ಕಾ, ಎಮೆಟ್‌ಗಾ?"

ರೋವೆನಾ ಮುಖ ತಿರುಗಿಸಿಕೊಂಡಳು.

ಸೋಮವಾರ, ಆ ಕೆಲಸ ಬೇಡವೆಂದು ಹೇಳಲು ಅವಳು ಎಮೆಟ್‌ನ ಕೋಣೆಗೆ ಹೋದಳು. ಅವನು ಪುಸ್ತಕಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ!

"ಏನಿದು?"

"ನೀನು ಇಲ್ಲೇ ಇರು. ಆ ಕೆಲಸಕ್ಕೆ ನಾನೇ ಹೋಗ್ತೀನಿ. ನಾಳೆ ಸಹಿ ಹಾಕಬೇಕು."

"ಹುಚ್ಚಾ ನಿಮಗೆ? ಇನ್ನೆರಡು ವರ್ಷ ಇದ್ರೆ ಪಿಂಚಣಿ ಸಿಗುತ್ತೆ!"

ಅವಳಿಗೆ ಗೊತ್ತಿತ್ತು. ಅವನೂ ಹಿಂದೆ ಕಂಪನಿಯಲ್ಲಿದ್ದವನೇ. ಅಪ್ಪ ಸಾಯುವ ಹೊತ್ತಿಗೂ ರಜೆ ಸಿಗದೆ ನೊಂದು, ಅರ್ಧ ಸಂಬಳಕ್ಕೆ ಇಲ್ಲಿಗೆ ಬಂದಿದ್ದ.

"ಕೈಕೆಳಗಿನವರನ್ನ ಪ್ರೀತಿಸೋ ಹಾಗಿಲ್ಲ ಅಂತ ಇಲ್ಲಿ ನಿಯಮ ಇದೆಯಲ್ಲ..." ಎಮೆಟ್‌ ಇನ್ನೊಂದು ಪುಸ್ತಕ ಕೈಗೆತ್ತಿಕೊಂಡ. "ನೀನು ಬೇರೆ ಕಡೆ ಸೇರಿದ್ರೆ, ಧೈರ್ಯವಾಗಿ ಬಂದು ಹೇಳ್ಬಹುದು ಅಂದ್ಕೊಂಡೆ. ಜೂನಿ ಫೀಸಿನ ವಿಷಯ ನೀನು ಸಿಟ್ಟಾಗಿ ಹೋದ ಮೇಲಷ್ಟೇ ನನ್ನ ತಲೆಗೆ ಬಂತು. ಎಂಥ ಸ್ವಾರ್ಥಿ ನಾನು!"

ಸಂತೋಷವೋ, ಸಿಟ್ಟೋ... ರೋವೆನಾಳ ಕಣ್ಣೀರಂತೂ ನಿಲ್ಲಲಿಲ್ಲ.

"ನನ್ನನ್ನ ಕಳಿಸೋಕೆ ಹೊರಟಾಗಲೂ ಕೇಳಲಿಲ್ಲ. ಈಗ ನೀವೇ ಹೊರಟಿದ್ದೀರಿ, ಈಗಲೂ ಕೇಳಲಿಲ್ಲ! ನನ್ನ ಬದುಕಿನ ಬಗ್ಗೆ ನನ್ನನ್ನೊಂದು ಮಾತು ಕೇಳಬಾರದಾ, ಎಮೆಟ್?"

ಅವನು ಕೈಲಿದ್ದ ಪುಸ್ತಕವನ್ನು ಕೆಳಗಿಟ್ಟ.

"ಕೇಳ್ತೀನಿ. ನಾನು ಹೋಗ್ಲಾ?"

"ಬೇಡ." ಅವಳು ಕಣ್ಣೊರೆಸಿಕೊಂಡಳು. "ಇಲ್ಲೇ ಗ್ರಂಥಾಲಯದ ಕಂಪ್ಯೂಟರ್ ನೋಡ್ಕೊಳ್ಳೋ ಹುದ್ದೆ ಖಾಲಿ ಇದೆ. ನೀವು ಅಲ್ಲಿಗೆ ಹೋದ್ರೆ ನನ್ನ ಮೇಲಧಿಕಾರಿ ಆಗಿರಲ್ಲ. ನಿಮ್ಮ ಪಿಂಚಣಿಯೂ ತಪ್ಪೋದಿಲ್ಲ. ಆದ್ರೆ ದರ್ಜೆ ಇಳಿಯುತ್ತೆ, ಸಂಬಳವೂ ಇಳಿಯುತ್ತೆ."

"ತುಂಬಾನಾ?"

"ತುಂಬಾ."

ಎಮೆಟ್ ಪೆನ್ನು ತೆಗೆದು ಪೆಟ್ಟಿಗೆಯ ಮೇಲೆ 'ಗ್ರಂಥಾಲಯ' ಎಂದು ಬರೆದ.

"ಅಲ್ಲಿ ಭಾನುವಾರ ರಜೆ ಇರುತ್ತಲ್ಲ?"

"ಇರುತ್ತೆ."

"ಹಾಗಾದ್ರೆ ಭಾನುವಾರ ಊಟಕ್ಕೆ ಬರ್ತೀಯಾ?... ನೋಡು, ಈ ಸಲ ಕೇಳ್ತಿದೀನಿ."

"ಬರ್ತೀನಿ ಕಣೋ," ಅಂದಳು ರೋವೆನಾ, ಅಳುತ್ತಲೇ ನಕ್ಕು.