ಆ ಸ್ಟಾಂಪಿಗೆ ಎಷ್ಟು ಹಲ್ಲು?

“ಏಳು, ಎಂಟು, ಒಂಬತ್ತು...”

“ಆ ಸ್ಟಾಂಪು ನಂಗೆ ಹೆಂಗೆ ಸಿಕ್ತು ಗೊತ್ತೇನೇ?” ಎಂದರು ಚಂದ್ರಲೇಖಾ ಅಜ್ಜಿ.

ಎಣಿಕೆ ತಪ್ಪಿತು. ಆದಿಲಕ್ಷ್ಮಿ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು ಉಸ್ಸೆಂದಳು. ಇದು ಮೂರನೇ ಸಲ.

ಚಂದ್ರಲೇಖಾ ಅಜ್ಜಿ ಅವಳ ಅಜ್ಜಿಯ ಅಕ್ಕ. ಮತ್ತಿಗಿರಿಯಲ್ಲಿ ಪಕ್ಕದ ಬೀದಿಯಲ್ಲೇ ಮನೆ. ಎಂಟನೇ ವಯಸ್ಸಿನಲ್ಲಿ ಹಿಡಿದ ಸ್ಟಾಂಪಿನ ಹುಚ್ಚು ಎಪ್ಪತ್ತೆಂಟಾದರೂ ಬಿಟ್ಟಿಲ್ಲ. ನಲವತ್ತು ವರ್ಷದ ಹಿಂದೆ ಸ್ಟಾಂಪುಗಳ ಮೇಲೆ ಪುಸ್ತಕವನ್ನೇ ಬರೆದಿದ್ದಾರೆ. ಈಗ ಅದನ್ನು ತಿದ್ದಿ ಮತ್ತೆ ಅಚ್ಚು ಹಾಕಿಸಬೇಕು. ಆದರೆ ಕಣ್ಣಿಗೆ ಪೊರೆ ಬಂದಿದೆ. ಹಾಗಾಗಿ ಭಾನುವಾರ ಬಂತೆಂದರೆ ಐದನೇ ಕ್ಲಾಸಿನ ಆದಿಲಕ್ಷ್ಮಿಯ ಕಣ್ಣು ಬೇಕು.

ಕೆಲಸ ಇಷ್ಟೇ. ಸ್ಟಾಂಪಿನ ಅಂಚಿಗೆ ಸ್ಕೇಲ್ ಇಟ್ಟು, ಎರಡು ಸೆಂಟಿಮೀಟರಿನೊಳಗೆ ಎಷ್ಟು ಹಲ್ಲುಗಳಿವೆ ಎಂದು ಎಣಿಸಿ ಹೇಳುವುದು. ಅಜ್ಜಿ ಸುಮ್ಮನಿದ್ದರೆ ಐದು ನಿಮಿಷ ಸಾಕು. ಅಜ್ಜಿ ಸುಮ್ಮನಿರುವುದಿಲ್ಲ.

“ಬೇರಿಕೆ ಊರಲ್ಲಿ ಹುಣಸೆಹಣ್ಣಿನ ಮಂಡಿ ಇತ್ತು. ಅವ್ರಿಗೆ ಎಲ್ಲೆಲ್ಲಿಂದ್ಲೋ ಕಾಗ್ದ ಬರೋದು. ಹರಿದ ಕವರ್ ಕೊಡಿ ಅಂತ ಬಾಗ್ಲಲ್ಲಿ ನಿಂತ್ಕತಿದ್ದೆ. ‘ಹೆಣ್ಮಗೀಗೆ ಈ ಕಸ ಯಾಕಮ್ಮ’ ಅಂತ ನಗೋರು. ಆಗ ನಮ್ಮ ಕಡೆ ಸ್ಟಾಂಪ್ ಕೂಡಿಡೋರು ಒಬ್ರೂ ಇರ್ಲಿಲ್ಲ ಕಣೇ.”

“ಅಜ್ಜೀ! ಎಣಿಸಕ್ಕೆ ಬಿಡ್ತೀಯಾ?”

ಗೇಟಿನ ಹತ್ತಿರ ಗೆಳತಿ ಮುನಿಲಕ್ಷ್ಮಿ ಕೂಗಿದಳು. “ಆದೀ, ಸೀಕ್ರಂ ಬಾರೇ! ಟೀಮ್ ಹಾಕ್ತಾವ್ರೆ!”

ಆದಿ ಒಂದು ಕೈಯಲ್ಲಿ ಕಿವಿ ಮುಚ್ಚಿಕೊಂಡು ಎಣಿಸಿದಳು. “ಹನ್ನೆರಡು!”

“ಇರಕ್ಕಿಲ್ಲ. ನನ್ನ ಪುಸ್ತಕದಲ್ಲಿ ಹದ್ನಾಲ್ಕು ಅಂತ ಅದೆ. ಇನ್ನೊಂದ್ಸಲ ನೋಡು.”

ನೋಡಿದಳು. ಹನ್ನೆರಡೇ.

“ಆಟದ ಮೇಲೆ ಗ್ಯಾನ ನಿಂಗೆ. ನಿಧಾನಕ್ಕೆ ಎಣಿಸು.”

ಆದಿಗೆ ಅಳುವೇ ಬಂತು. “ಹದ್ನಾಲ್ಕೇ ಬರ್ಕೋ ಹೋಗಜ್ಜಿ! ಎರಡು ಹಲ್ಲು ಹೆಚ್ಚುಕಮ್ಮಿ ಆದ್ರೆ ಏನಾಗ್ತದೆ?”

“ಏನಾಗ್ತದಾ?” ಅಜ್ಜಿಯ ದನಿ ಏರಿತು. “ಅದೇ ರಾಜನ ತಲೆ, ಅದೇ ಬಣ್ಣ. ಹಲ್ಲು ಬೇರೆ ಆಯ್ತು ಅಂದ್ರೆ ಅಚ್ಚಾದ ಕಾಲಾನೇ ಬೇರೆ. ನನ್ನ ಪುಸ್ತಕ ನಂಬ್ಕೊಂಡು ಎಷ್ಟು ಜನ ಅವ್ರೆ ಗೊತ್ತಾ?”

“ಹಂಗಾದ್ರೆ ನೀನೇ ನೋಡು!”

ಆದಿ ಆಲ್ಬಮ್ ತಿರುವಿದಳು. ‘ಹಲ್ಲು ಹದಿನಾಲ್ಕು’ ಎಂದು ಅಜ್ಜಿಯೇ ಬರೆದಿಟ್ಟಿದ್ದ ಇನ್ನೊಂದು ಸ್ಟಾಂಪನ್ನು ಚಿಮುಟದಿಂದ ಎತ್ತಿ ಇದರ ಅಂಚಿಗೆ ಅಂಚು ಸೇರಿಸಿ ಇಟ್ಟಳು. ಮೊದಲ ಹಲ್ಲು ಹೊಂದಿಕೊಂಡಿತು. ನಾಲ್ಕನೆಯದರ ಹೊತ್ತಿಗೆ ಒಂದಕ್ಕೊಂದು ಸೇರದೆ ಜಾರಿಹೋಗಿದ್ದವು. ಫೋನಿನಲ್ಲಿ ಫೋಟೋ ತೆಗೆದು, ಪರದೆ ತುಂಬ ದೊಡ್ಡದು ಮಾಡಿ, ಅಜ್ಜಿಯ ಮೂಗಿನ ಮುಂದೆ ಹಿಡಿದಳು.

ಅಜ್ಜಿ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು, ಒರೆಸಿಕೊಂಡು, ಮತ್ತೆ ನೋಡಿದರು.

“ನಲವತ್ತು ವರ್ಷ,” ಎಂದರು ಮೆಲ್ಲಗೆ. “ತಪ್ಪು ಬರ್ದಿವ್ನಿ ಕಣೇ.”

ಬಯ್ಯುತ್ತಾರೆ, ಇಲ್ಲವೇ ಸ್ಕೇಲೇ ಸರಿಯಿಲ್ಲ ಎನ್ನುತ್ತಾರೆ ಎಂದುಕೊಂಡಿದ್ದಳು ಆದಿ. ಅಜ್ಜಿ ತಮ್ಮ ಪುಸ್ತಕ ತೆರೆದು, ಅಚ್ಚಾದ ‘ಹದಿನಾಲ್ಕು’ ಎಲ್ಲಿದೆ ಎಂದು ಅವಳನ್ನೇ ಕೇಳಿ, ಅದರ ಮೇಲೆ ಕೆಂಪು ಗೀಟು ಎಳೆದರು. ಗೀಟು ಸೊಟ್ಟಗಾಯಿತು. ಪೆನ್ನನ್ನು ಅವಳ ಕೈಗೆ ಕೊಟ್ಟರು.

“ಹನ್ನೆರಡು ಅಂತ ಬರಿ. ಪಕ್ಕದಲ್ಲಿ ‘ಎಣಿಸಿದವರು: ಆದಿಲಕ್ಷ್ಮಿ’ ಅಂತ ಹಾಕು. ಅದೂ ಅಚ್ಚಾಗ್ಲಿ.”

“ಆದೀ! ಬತ್ತೀಯಾ ಇಲ್ವಾ?” ಮುನಿಲಕ್ಷ್ಮಿ ಗೇಟು ಅಲ್ಲಾಡಿಸಿದಳು.

ಆದಿ ಪೆನ್ನನ್ನು ಕಾಗದದ ಹತ್ತಿರ ತಂದಳು. ಅಜ್ಜಿಯ ಪುಸ್ತಕದಲ್ಲಿ ತನ್ನ ಹೆಸರು. ಯಾರು ಯಾರೋ ಓದುತ್ತಾರೆ. ಓದಿ ನಂಬುತ್ತಾರೆ.

“ನೀವು ಆಡ್ತಾ ಇರ್ರೇ, ಆಮೇಲೆ ಬತ್ತೀನಿ!” ಎಂದು ಕಿಟಕಿಯಿಂದ ಕೂಗಿದಳು.

ಪೆನ್ನು ಕೆಳಗಿಟ್ಟಳು. ಸ್ಕೇಲಿನ ಸೊನ್ನೆಯನ್ನು ಸ್ಟಾಂಪಿನ ಮೂಲೆಗೆ ಸರಿಯಾಗಿ ಕೂಡಿಸಿ, ಮತ್ತೆ ಒಂದರಿಂದ ಎಣಿಸತೊಡಗಿದಳು.