ಪಡಸಾಲೆಯಲ್ಲಿದ್ದ ತಂಬಿಗೆ

ಕಳಕಮ್ಮ ಪಡಸಾಲೆಯಲ್ಲಿ ಬೋರಲು ಬಿದ್ದಿದ್ದಳು. ತಲೆಯ ಹಿಂದೆ ಒಂದೇ ಏಟು. ಹಾಸಿದ್ದ ಕರಿ ಕಂಬಳಿಗೆ ರಕ್ತ ಇಳಿದು ಒಣಗಿತ್ತು. ಪಕ್ಕದಲ್ಲಿ ಹಿತ್ತಾಳೆ ತಂಬಿಗೆ, ತಟ್ಟೆಯಲ್ಲಿ ಬೆಲ್ಲದ ಚೂರು, ನಾಲ್ಕು ಶೇಂಗಾ. ಕಿವಿಯ ಬೆಂಡೋಲೆ ಕಿವಿಯಲ್ಲೇ ಇದ್ದವು. ಅಂಗಳದಲ್ಲಿ ರಕ್ತ ಮೆತ್ತಿದ ಹಾರೆ.

ಹಾರೆ ತಿಮ್ಮಣ್ಣನದು!

ಅಷ್ಟು ಸಾಕಾಯಿತು ಜನಕ್ಕೆ. ಹದಿನಾರು ವರ್ಷದ ಹಿಂದೆ ಬದುವಿನ ಜಗಳದಲ್ಲಿ ಒಬ್ಬನನ್ನು ಸಲಿಕೆಯಿಂದ ಹೊಡೆದು ಕೊಂದವನು ತಿಮ್ಮಣ್ಣ. ಜೀವಾವಧಿ ಶಿಕ್ಷೆ. ಹೋದ ವರ್ಷ ಸನ್ನಡತೆಯ ಮೇಲೆ ಬಿಟ್ಟಿದ್ದರು; ಅಂದಿನಿಂದ ಕಳಕಮ್ಮನ ಹೊಲದಲ್ಲಿ ಕೂಲಿಗಿದ್ದ. ಷರತ್ತು ಒಂದೇ: ಮತ್ತೆ ಕೈ ಕೆಡಿಸಿಕೊಂಡರೆ ಒಳಗೆ ಹೋಗಬೇಕು, ಸಾಯುವ ತನಕ.

ಊರು ಯಲಬುರ್ಗಾ ಸೀಮೆಯದು, ಬೇವೂರಿನ ಆಚೆ. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಅಲ್ಲಿಯವರು ‘ನಮ್ಮಲ್ಲಿ ಹಂಗಿಲ್ಲ’ ಎಂದು ಜಗಳಕ್ಕೆ ಬರುತ್ತಾರೆ, ನೆರೆಯವರು ‘ಅಲ್ಲಿ ಅಷ್ಟ ಹಂಗ’ ಎಂದು ನಗುತ್ತಾರೆ.

ಸಂಜೆಯೊಳಗೆ ಟಿವಿಯವರು ಬಂದರು. ‘ಕೊಲೆಗಡುಕರಿಗೆ ಸನ್ನಡತೆಯ ಸರ್ಟಿಫಿಕೇಟೇ?’ ಎಂದು ಚರ್ಚೆ. ನಾಲ್ಕು ಜನ ನಾಲ್ಕು ಚೌಕದಲ್ಲಿ ಕೂತು ಬಾಯಿಗೆ ಬಾಯಿ ಕೊಟ್ಟರು. ‘ಹುಟ್ಟುಗುಣ ಸುಟ್ಟರೂ ಹೋಗದು’ ಎಂದನೊಬ್ಬ. ‘ಇವನನ್ನು ಬಿಡಬಹುದು ಅಂತ ವರದಿ ಕೊಟ್ಟ ಪುಣ್ಯಾತ್ಮ ಯಾರು?’ ಎಂದ ಇನ್ನೊಬ್ಬ.

ಆ ಪುಣ್ಯಾತ್ಮ ಠಾಣೆಯಲ್ಲಿ ಚಹಾ ಆರಿಸಿಕೊಳ್ಳುತ್ತ ಕೂತಿದ್ದ. ಹೆಸರು ಗೋವಿಂದರಾಜ, ಎಎಸ್‌ಐ, ನಿವೃತ್ತಿಗೆ ಎಂಟು ತಿಂಗಳು. ‘ಬಿಡುಗಡೆಯಾದರೆ ಊರಿಗೆ ಅಪಾಯವಿಲ್ಲ’ ಎಂದು ತನ್ನ ಕೈಯಾರೆ ಬರೆದಿದ್ದ. ತಾನು ಬರೆದದ್ದು ಸುಳ್ಳಾದರೆ ಕಳಕಮ್ಮನ ಸಾವಿಗೆ ತಾನೂ ಪಾಲುದಾರ. ಚಹಾ ಬಿಟ್ಟು ತಿಮ್ಮಣ್ಣನಿದ್ದ ಲಾಕಪ್ಪಿನ ಮುಂದೆ ಹೋಗಿ ನಿಂತ.

“ಹಾರಿ ನಿಂದ?”

“ನಂದ ರೀ. ಅಂಗಳದಾಗ ಗೂಟ ನೆಡಾಕ ಒಯ್ದಿದ್ದೆ. ಅಲ್ಲೇ ಬಿಟ್ಟು ಬಂದೆ.”

“ಸೋಮವಾರ ಮುಂಜಾನೆ ಹತ್ತಕ್ಕ, ಕಳಕಮ್ಮ ಸತ್ತ ಹೊತ್ತಿಗೆ, ಎಲ್ಲಿದ್ದಿ?”

“ಕಳಕಮ್ಮ ಅವ್ವಾರ ಹೊಲದಾಗ. ಹೆಸರುಕಾಯಿ ಬಿಡಸಾಕತ್ತಿದ್ದೆ.”

“ಕಂಡವರು?”

“ಒಬ್ಬಾಂವ ಇದ್ದೆ ರೀ.”

“ನೀ ಹೊಡದಿ ಏನು? ಖರೇ ಹೇಳು.”

ತಿಮ್ಮಣ್ಣ ತಲೆ ಎತ್ತಿದ. “ಹದಿನಾರು ವರ್ಷದ ಹಿಂದ ಕೇಳಿದಾಗ ಹೌದು ಅಂದೇನ್ರಿ. ಈಗ ಇಲ್ಲ ಅಂತೀನಿ. ಎರಡೂ ಖರೇನ.”

ಮರುದಿನ ಗೋವಿಂದರಾಜ ಮತ್ತೆ ಊರಿಗೆ ಹೋದ. ಕಳಕಮ್ಮನ ಪಕ್ಕದ ಮನೆಯವಳು ಸುರೇಖಾ. ಹೆಣ ಮೊದಲು ಕಂಡವಳೂ ಅವಳೇ. ಪಡಸಾಲೆಯಲ್ಲಿ ಕಂಬಳಿ ಹಾಸಿ, ತಂಬಿಗೆ ನೀರು, ಬೆಲ್ಲ ತಂದಿಟ್ಟಳು.

“ಮಜ್ಜಿಗಿ ಕೊಡಾಕ ಹೋಗಿದ್ದೆ ರೀ. ನೋಡಿದ್ರ ಹಿಂಗ ಬಿದ್ದಾಳ! ಮಗ್ಗಲಾಗಿ ಹೊರಳಿಸಿದೆ. ಅಲ್ಲೇ ಇದ್ದ ತಂಬಿಗಿಲೆ ಬಾಯಿಗೆ ನೀರು ಬಿಟ್ಟೆ. ಜನ ಕೂಡಿದ್ರು, ಅವರೂ ಬಿಟ್ರು.”

ಹತ್ತು ಕೈ ಮುಟ್ಟಿದ ತಂಬಿಗೆ. ಬೆರಳ ಗುರುತಿನ ಆಸೆ ಅಲ್ಲಿಗೆ ಮುಗಿಯಿತು.

“ಆಕಿಗೆ ಯಾರ ಜೋಡಿ ಜಗಳ ಇತ್ತು?”

“ಜಗಳ ಅಂತಲ್ರಿ... ಆಕಿ ತಂಗಿ ಮಗ ಕೊಟ್ರೇಶ ಅದಾನಲ್ಲ, ಕುಷ್ಟಗ್ಯಾಗ? ಗಾಳಿ ಫ್ಯಾನಿನ ಕಂಪನಿಗೆ ಹೊಲ ಕೊಡಸ್ತಾನ. ಗುಡ್ಡದ ಹೊಲಕ್ಕ ಹೆಬ್ಬೆಟ್ಟು ಒತ್ತು ಅಂತ ಬೆನ್ನು ಬಿದ್ದಿದ್ದ. ಈಕಿ ಬಿಲ್‌ಕುಲ್ ಒಲ್ಲೆ ಅಂದಳು.”

ಅಷ್ಟರಲ್ಲಿ ಬಾಗಿಲ ಹೊರಗೆ ಒಂದು ದನಿ. ತಿಮ್ಮಣ್ಣನ ಹೆಂಡತಿ ಪಕ್ಕೀರವ್ವ. ಸಾಹೇಬರು ಬಂದಿದ್ದಾರೆಂದು ಬಿಸಿಲಲ್ಲಿ ಓಡಿಬಂದು ಏದುಸಿರು ಬಿಡುತ್ತಿದ್ದಳು. “ಯವ್ವಾ, ಮೊದಲ ಒಂದೀಟು ನೀರು...”

ಸುರೇಖಾ ಎದ್ದಳು. ಕಟ್ಟೆಯ ಮೇಲೆ ನಿಂತು ಕೊಡದಿಂದ ನೀರು ಸುರಿದಳು. ಕೆಳಗೆ ಪಕ್ಕೀರವ್ವ ಕುಕ್ಕರುಗಾಲಲ್ಲಿ ಕೂತು ಬೊಗಸೆಯೊಡ್ಡಿ ಕುಡಿದಳು. ಕೊಡ ಬೊಗಸೆಗೆ ತಾಗಲಿಲ್ಲ.

ಹುಟ್ಟಿದಾಗಿನಿಂದ ಕಂಡದ್ದು, ಗೋವಿಂದರಾಜನ ತಾಯಿಯೂ ಹೀಗೇ ಸುರಿಯುತ್ತಿದ್ದಳು. ದಿನಾ ಕಾಣುವುದು ಕಣ್ಣಿಗೆ ಬೀಳುವುದಿಲ್ಲ. ಇವತ್ತು ಬಿತ್ತು. ಅವನು ತನ್ನ ಮುಂದಿನ ತಂಬಿಗೆ ನೋಡಿದ, ಕಂಬಳಿ ನೋಡಿದ, ಬೆಲ್ಲ ನೋಡಿದ.

“ಸುರೇಖಾ, ಕಳಕಮ್ಮ ತಿಮ್ಮಣ್ಣಗ ನೀರು ಹೆಂಗ ಕೊಡ್ತಿದ್ದಳು?”

“ಹಿಂಗ ರೀ. ಎಲ್ಲಾರೂ ಹಿಂಗ. ಅಂವ ಹೊಸ್ತಿಲ ದಾಟಾಂವಲ್ಲ.”

“ಹಂಗಾದ್ರ ಇದನ್ನ ಬರಕೊಳ್ತೀನಿ. ಒಂದು ಸಹಿ ಹಾಕು.”

ಕಾಗದ ಕಂಡದ್ದೇ ತಡ, ಅವಳ ಮುಖ ಬಿಳುಪೇರಿತು. “ಅಯ್ಯ, ನಾ ಏನ ಅಂದೆ? ಹಂಗೇನಿಲ್ರಿ! ತಿಮ್ಮಣ್ಣಗೂ ತಂಬಿಗಿಲೇ ಕೊಡ್ತಿದ್ದಳು. ನಮ್ಮೂರಾಗ ಅಂಥಾದ್ದೆಲ್ಲಾ ಇಲ್ಲ.”

ಹನ್ನೊಂದು ಮನೆಯ ಬಾಗಿಲು ಬಡಿದ. ಹನ್ನೊಂದು ಕಡೆಯೂ ಒಂದೇ ಪಾಠ: “ಎಲ್ಲಾರೂ ಒಂದ ತಾಯಿ ಮಕ್ಕಳ್ರಿ.” ಯಾಕೆ ಹೇಳುವುದಿಲ್ಲ? ಹೇಳಿದರೆ ತಮ್ಮ ಮೇಲೇ ಕೇಸು. ಅಷ್ಟು ಕಾನೂನು ಹಳ್ಳಿಗೂ ಗೊತ್ತಿದೆ.

ಕಳಕಮ್ಮನ ಅಂತ್ಯಕರ್ಮಕ್ಕೆ ಬಂದಿದ್ದ ಕೊಟ್ರೇಶ ಕಣ್ಣೊರೆಸಿಕೊಳ್ಳುತ್ತ ಬಂದ. “ದೊಡ್ಡವ್ವಗ ಎಷ್ಟು ಸಲ ಹೇಳಿದೆ, ಖೂನಿ ಮಾಡಿದಾಂವನ್ನ ಹತ್ರ ಸೇರಿಸಬ್ಯಾಡ ಅಂತ!”

“ಸೋಮವಾರ ಮುಂಜಾನೆ ಎಲ್ಲಿದ್ರಿ?”

“ಕುಷ್ಟಗ್ಯಾಗ, ಮನ್ಯಾಗ. ನಮ್ಮ ಮನಿಯಾಕಿನ್ನ ಕೇಳ್ರಿ. ಫೋನೂ ಅಲ್ಲೇ ಇತ್ತು.”

“ಫೋನು ಇತ್ತು. ನೀವು?”

ಕೊಟ್ರೇಶ ದನಿ ಏರಿಸಿದ. “ಏನ್ರಿ ಹಿಂಗಂತೀರಿ? ತಿಮ್ಮಣ್ಣ ಒಳಗ ಕುಂತು ನೀರು ಕುಡದು, ಉಂಡ ಮನಿಗೇ ಎರಡು ಬಗದಾನ.”

“ಒಳಗ ಕುಂತು? ಯಾರು ಹೇಳಿದ್ರು?”

“ತಂಬಿಗಿ ಇತ್ತಲ್ರಿ, ಬೆಲ್ಲ ಇತ್ತಲ್ರಿ!”

ಗೋವಿಂದರಾಜ ಸುಮ್ಮನೆ ನಕ್ಕ. ಆ ನಗೆಯಲ್ಲಿ ಸಂತೋಷವೇನೂ ಇರಲಿಲ್ಲ.

ಇನ್ಸ್‌ಪೆಕ್ಟರ್ ವಿರೂಪಾಕ್ಷಪ್ಪನ ಮುಂದೆ ಎಲ್ಲ ಬಿಡಿಸಿ ಹೇಳಿದ. “ಸರ್, ಕೊಂದಾಂವ ಪಡಸಾಲ್ಯಾಗ ಕಂಬಳಿ ಮ್ಯಾಲೆ ಕುಂತಾನ. ತಂಬಿಗಿ ಎತ್ತಿ ಕುಡದಾನ. ತಿಮ್ಮಣ್ಣ ಬಂದಿದ್ರ ಆಕಿ ಕಂಬಳಿ ಹಾಸ್ತಿದ್ದಳೇನು? ಇನ್ನ ಬೆಲ್ಲ ನೋಡ್ರಿ. ದಿನಾ ಮಾರಿ ಕಾಣೋ ನೆರಿಮನಿಯವರಿಗೆ ಯಾರು ಬೆಲ್ಲ ಕೊಡ್ತಾರ? ಪರಊರಿಂದ ಬಂದಾಂವಗ ಕೊಡೂದು. ಆಕಿಗೆ ಪರಊರಾಗ ಇರೋ ನೆಂಟ ಒಬ್ಬನ. ಹೆಬ್ಬೆಟ್ಟು ಕೇಳಿ ಬಂದಾನ, ಒಲ್ಲೆ ಅಂದಾಳ, ಸಿಟ್ಟಿಗೆ ಅಂಗಳದಾಗಿನ ಹಾರಿ ಕೈಗೆ ಸಿಕ್ಕೈತಿ. ಕೊಟ್ರೇಶ ಸರ್. ಕೊಟ್ರೇಶನ ಕೊಂದಾಂವ.”

ವಿರೂಪಾಕ್ಷಪ್ಪ ಎದ್ದು ಬಾಗಿಲು ಮುಚ್ಚಿ ಬಂದ. “ನೀವು ಹೇಳೂದು ಖರೇ ಐತಿ. ನಮ್ಮ ಮನ್ಯಾಗೂ ಹಂಗ ಇತ್ತು. ಆದ್ರ ಕೋರ್ಟಿನಾಗ ಇದನ್ನ ಹೇಳಾವರು ಯಾರು? ತಿಮ್ಮಣ್ಣ, ಅವನ ಹೆಂಡತಿ, ಇಬ್ಬರ ಹೇಳ್ಲಿ ಸಾಕು. ಈಗಿಂದೀಗ ಕೊಟ್ರೇಶನ್ನ ಎಳಕೊಂಡು ಬರ್ತೀನಿ. ಲಗೂನ ಮಾಡ್ರಿ, ಬಿಡುಗಡಿ ರದ್ದು ಮಾಡಾಕ ಮ್ಯಾಲಿಂದ ಫೋನು ಬರಾಕತ್ತಾವ. ಮುಂದ ಬಿಡೋ ಕೈದಿಗಳ ಪಟ್ಟಿನೂ ತಡದಾರಂತ.”

ಲಾಕಪ್ಪಿನ ಮುಂದೆ ನಿಂತಿದ್ದ ಪಕ್ಕೀರವ್ವ ಹಿಂದೆಮುಂದೆ ನೋಡಲಿಲ್ಲ. “ಬರಕೊಳ್ರಿ ಸಾಹೇಬ್ರ! ಎಪ್ಪತ್ತು ಮನಿ ಮುಂದ ಬೊಗಸಿ ಒಡ್ಡೇನಿ. ಎಪ್ಪತ್ತೂ ಹೆಸರು ಹೇಳ್ತೀನಿ.”

“ಸುಮ್ಮನಿರು,” ಎಂದ ತಿಮ್ಮಣ್ಣ, ಕಂಬಿಯ ಹಿಂದಿನಿಂದ.

“ಯಾಕ ಸುಮ್ಮನಿರಲಿ?”

“ಆ ಊರಾಗ ಇರಾಕಿ ನೀನು.” ಅವನು ಗೋವಿಂದರಾಜನ ಕಡೆ ತಿರುಗಿದ. “ಈಕಿ ಮಾತು ಬಿಡ್ರಿ. ನಂದು ಬರಕೊಳ್ರಿ. ಕಳಕಮ್ಮ ಅವ್ವಾರು ನನಗ ಒಳಗ ಕುಂದ್ರಿಸಿ ತಂಬಿಗಿಲೆ ನೀರು ಕೊಡ್ತಿದ್ರು.”

“ಏನಪ್ಪ, ತಲಿ ಕೆಟ್ಟೈತೇನು? ಕೊಂದಾಂವ ನೀ ಅಲ್ಲ. ನಂಗ ಗೊತ್ತೈತಿ. ಜೀವಮಾನಾಪೂರ್ತಿ ಒಳಗ ಹೋಗ್ತೀಯಪ್ಪ!”

“ಊರ ಮ್ಯಾಲೆ ಕೇಸು ಹಾಕಿಸಿ ಹೊರಗ ಬಂದ್ರ ಎಲ್ಲಿ ಬಾಳ್ವಿ ಮಾಡ್ಲಿ? ಕೂಲಿಗೆ ಕರಿಯಂಗಿಲ್ಲ, ಗಿರಣ್ಯಾಗ ಹಿಟ್ಟು ಬೀಸಂಗಿಲ್ಲ, ಅಂಗಡ್ಯಾಗ ಉಪ್ಪು ಕೊಡಂಗಿಲ್ಲ. ನಮ್ಮ ಓಣಿ ಪೂರಾ ಉಪವಾಸ ಬೀಳ್ತೈತಿ. ಒಳಗ ಹೋದ್ರ ನಾ ಒಬ್ಬಾಂವ ಹೋಗ್ತೀನಿ.”

ಗೋವಿಂದರಾಜ ಪೆನ್ನು ಕೆಳಗಿಟ್ಟ.

“ಮತ್ತ ಜೈಲಿನಾಗ ಹದಿನೈದು ವರ್ಷ ಎಲ್ಲಾರ ಜೋಡಿ ಒಂದ ಹರವ್ಯಾಗ ತಂಬಿಗಿ ಅದ್ದಿ ನೀರು ಕುಡದೇನ್ರಿ,” ಎಂದ ತಿಮ್ಮಣ್ಣ. “ನೀ ಯಾರ ಪೈಕಿ ಅಂತ ಯಾರೂ ಕೇಳಿಲ್ಲ.”

ಪಕ್ಕೀರವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆಗೆ ಕುಸಿದಳು. ಗೋವಿಂದರಾಜ ಅವನು ಹೇಳಿದ ಹಾಗೇ ಬರೆದುಕೊಂಡ, ಓದಿ ಹೇಳಿದ. ತಿಮ್ಮಣ್ಣ ಪೆನ್ನು ತೆಗೆದುಕೊಂಡು ದುಂಡಗೆ ಸಹಿ ಮಾಡಿದ. ಸಹಿ ಮಾಡುವುದನ್ನು ಅವನು ಜೈಲಿನಲ್ಲೇ ಕಲಿತಿದ್ದ.